ರಾಗಿಕಲ್ಲಿನ ಶ್ರುತಿ

ಮಗಳು ಪರೀಕ್ಷೆಗೆ ಓದುವಾಗ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿಕೊಳ್ಳುತ್ತಾಳೆ. ಹಾಗಿದ್ದರೇ ಮನಸ್ಸು ನಿಲ್ಲುತ್ತದಂತೆ. ನಮ್ಮ ಕೃಷ್ಣಗಿರಿ, ಹೊಸೂರು ಕಡೆಯ ಹಳ್ಳಿಗಳಲ್ಲಿ ಬೆಳಗಿನ ಜಾವ ರಾಗಿಕಲ್ಲು ತಿರುಗುವುದನ್ನು ಕೇಳಿ ಬೆಳೆದವರಿಗೆ ಇದು ಹೊಸ ಸಂಗತಿಯೇನಲ್ಲ.

ಕೆಲಸದ ಹಾಡಿಗೆ ಕನ್ನಡದಲ್ಲಿ ಬಹಳ ಹಳೆಯ ಸಾಕ್ಷಿಯಿದೆ. ಎಂಟನೆಯ ಶತಮಾನದ ಕೊನೆಗೆ ಪಟ್ಟಕ್ಕೆ ಬಂದ ಗಂಗರ ಇಮ್ಮಡಿ ಶಿವಮಾರ 'ಗಜಾಷ್ಟಕ'ವೆಂಬ ಕೃತಿ ರಚಿಸಿದ್ದ; ಅದು ಒನಕೆವಾಡಾಗಿ ಬಳಕೆಯಲ್ಲಿತ್ತೆಂದು ನಂತರದ ಶಾಸನವೊಂದು ಹೊಗಳುತ್ತದೆ. ಕೃತಿ ಇಂದು ಉಳಿದಿಲ್ಲ. ಆದರೂ ಅರಸನ ಆನೆಯ ಪದ್ಯ ಭತ್ತ ಕುಟ್ಟುವವರ ಬಾಯಿಗೆ ಬಂತೆಂದರೆ, ಬೇರೆ ಬಿರುದು ಯಾತಕ್ಕೆ?

ಬೀಸುವ ಪದ ಹೆಚ್ಚಾಗಿ ತ್ರಿಪದಿ. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಅಂಥವುಗಳ ಭಂಡಾರ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದಾಗ ಎರಡು ಕೈಗಳಿಗೂ ಒಂದೇ ಓಟ ಕೊಡುವುದು ಹಾಡು. ಕಲ್ಲಿನ ಗುಂಯ್‌ಗುಡುವಿಕೆಯೇ ಶ್ರುತಿ. ಕಾಸರಗೋಡಿನ ಕಡೆ ನೇಜಿ ನೆಡುವಾಗ ಪಾಡ್ದನ, ಮಲಯಾಳಿಗಳಲ್ಲಿ ಞಾಟ್ಟುಪಾಟ್ಟು ಮಾಡುವ ಕೆಲಸವೂ ಇದೇ.

ಆದರೆ ಹಾಡುತ್ತ ಬೀಸುವ ನಮ್ಮಜ್ಜಿ ಕಾಳು ಅಳೆಯುವಾಗ ಹಾಡುತ್ತಿರಲಿಲ್ಲ. ಮೊದಲ ಸೇರಿಗೆ 'ಒಂದು' ಎನ್ನದೆ 'ಲಾಭ' ಎನ್ನುವರು. ಮುಂದಿನ ಸೇರು ತುಂಬುವವರೆಗೂ ಅದನ್ನೇ ರಾಗವಾಗಿ ಹೇಳುತ್ತಿರುವರು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಬ್ಯಾಂಕಿನಲ್ಲಿ ನೋಟು ಎಣಿಸುವ ನನಗೆ ಇದರ ಮರ್ಮ ಗೊತ್ತು. ಫ್ಯಾನಿನ ಸದ್ದು, ಮೊಹರು ಒತ್ತುವ ಸದ್ದು ಏನೂ ಮಾಡವು. ಪಕ್ಕದವರು ಒಂದು ಅಂಕಿ ಹೇಳಿದರೆ ಸಾಕು, ಕಂತೆಯನ್ನು ಮೊದಲಿನಿಂದ ಎಣಿಸಬೇಕು. ಕೈಗೆಲಸಕ್ಕೆ ಪದ ಒಗ್ಗುತ್ತದೆ, ಲೆಕ್ಕಕ್ಕೆ ಮಾತಿಲ್ಲದ ಸದ್ದೇ ಸರಿ. ಯುದ್ಧಕಾಲದ ಕಾರ್ಖಾನೆಗಳಿಗಾಗಿ 1940ರಲ್ಲಿ ಬಿ.ಬಿ.ಸಿ. ದಿನಕ್ಕೆರಡು ಬಾರಿ ಅರ್ಧರ್ಧ ಗಂಟೆ ಬಿತ್ತರಿಸತೊಡಗಿದ ಸಂಗೀತದಲ್ಲೂ ಹೆಚ್ಚಿನದು ವಾದ್ಯಗಳೇ.

ಹಿಟ್ಟಿನ ಮಿಷನ್ನು ಬಂದ ಮೇಲೆ ನಮ್ಮ ರಾಗಿಕಲ್ಲು ಹಿತ್ತಲು ಸೇರಿತು. ಆ ಜಾಗಕ್ಕೆ ಬಂದದ್ದು ರೇಡಿಯೋ. 1955ರಲ್ಲಿ ಆರಂಭವಾದ ಬೆಂಗಳೂರು ಆಕಾಶವಾಣಿ ಹೊಸೂರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಅಮ್ಮ ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುವಾಗ ಅದು ತನ್ನ ಪಾಡಿಗೆ ಮಾತಾಡುತ್ತಿತ್ತು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ನನ್ನ ಕನ್ನಡದಲ್ಲಿ ಅರ್ಧ ಹೀಗೆ ಗಮನವಿಲ್ಲದೆ ಕೇಳಿಸಿಕೊಂಡದ್ದು.

ಮಗಳ ಮಳೆಗೆ ಭಾಷೆಯಿಲ್ಲ. ಓದುವಾಗ ಅದೇ ಇರಲಿ ಎಂದು ಬಿಟ್ಟಿದ್ದೇನೆ. ಸಂಜೆ ಅವರೆಕಾಳು ಹಿದುಕಲು ಕೂತಾಗ ಮಾತ್ರ ನಾನೇ ಎದ್ದುಹೋಗಿ ಬೆಂಗಳೂರು ಆಕಾಶವಾಣಿ ಹಾಕುತ್ತೇನೆ.