ಉಜ್ಜಿದರೆ ಹೋಗದ ಕಲೆ

ವಿಡಿಯೋ ಕಾಲ್‌ನಲ್ಲಿ ನಾನು ಬಾಯಿ ಬಿಟ್ಟು ನಗೋದಿಲ್ಲ. ಟೀಮಿನವರು ನನ್ನನ್ನು ಗಂಭೀರ ಮನುಷ್ಯ ಅಂದುಕೊಂಡಿದ್ದಾರೆ. ಅಸಲಿಗೆ ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಪಾವಗಡದ ಕಡೆಯ ಹಳ್ಳಿಯಲ್ಲಿ ಬೋರ್‌ವೆಲ್ ನೀರು ಕುಡಿದು ಬೆಳೆದವನು ನಾನು. "ಹಲ್ಲುಜ್ಜಲ್ವೇನೋ?" ಅಂತ ಮೇಷ್ಟ್ರೊಬ್ಬರು ಎಲ್ಲರ ಮುಂದೆ ಕೇಳಿದ್ದು ಇನ್ನೂ ನೆನಪಿದೆ. ಅವತ್ತಿನಿಂದ ಬೇವಿನ ಕಡ್ಡಿ ಹಿಡಿದು ಒಸಡಲ್ಲಿ ರಕ್ತ ಬರೋ ಹಾಗೆ ಉಜ್ಜಿದೆ. ಕಲೆ ಹೋಗಲಿಲ್ಲ.

ಅಕ್ಕನ ಮಗಳು ಈಗ ಡೆಂಟಲ್ ಹೈಜಿನಿಸ್ಟ್ ಡಿಪ್ಲೊಮಾ ಮುಗಿಸ್ತಿದ್ದಾಳೆ. ಮೊನ್ನೆ ಬಂದಾಗ, "ನಂದು ಕ್ಲೀನ್ ಮಾಡ್ತೀಯೇನೇ?" ಅಂದೆ. ಟಾರ್ಚ್ ಹಿಡಿದು ನೋಡಿದಳು. "ಸ್ಕೇಲಿಂಗ್ ಮಾಡಿದ್ರೆ ಪಾಚಿ ಹೋಗುತ್ತೆ ಮಾಮ. ಈ ಕಲೆ ಹೋಗಲ್ಲ. ಇದು ಮೇಲೆ ಹತ್ತಿದ್ದಲ್ಲ, ಹಲ್ಲು ಕಟ್ಟೋವಾಗ್ಲೇ ಒಳಗೆ ಸೇರಿದ್ದು."

ಅವಳ ಮಾತು ಕೇಳಿದ ಮೇಲೆ ಇದರ ಹಿಂದಿನ ಕಥೆ ಹುಡುಕುತ್ತಾ ಕೂತೆ. ಸಿಕ್ಕಿದ್ದು ಎರಡು ಕಥೆ.

ಮೊದಲನೆಯದು ಅವಳ ವೃತ್ತಿಯದ್ದು. ಅಮೆರಿಕದ ಬ್ರಿಡ್ಜ್‌ಪೋರ್ಟ್ ಊರಿನ ದಂತವೈದ್ಯ ಆಲ್ಫ್ರೆಡ್ ಫೋನ್ಸ್, 1906ರಲ್ಲಿ ತನ್ನ ಸಹಾಯಕಿ ಐರೀನ್ ನ್ಯೂಮನ್‌ಗೆ ಹಲ್ಲು ಶುಚಿ ಮಾಡೋದನ್ನು ಕಲಿಸಿದ. ಹುಳುಕು ಬಂದ ಮೇಲೆ ಕೀಳೋದಕ್ಕಿಂತ ಬರದ ಹಾಗೆ ನೋಡಿಕೊಳ್ಳೋದು ಮೇಲು ಅನ್ನೋದು ಅವನ ವಾದ. 1913ರಲ್ಲಿ ತನ್ನ ಗ್ಯಾರೇಜಿನಲ್ಲೇ ತರಗತಿ ಶುರು ಮಾಡಿದ. ಅಲ್ಲಿ ಕಲಿತ ಹೆಂಗಸರು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿ ಮಾಡಿದರು, ಉಜ್ಜೋದು ಹೇಗಂತ ಕಲಿಸಿದರು. ನಮ್ಮಲ್ಲಿ 1948ರ ದಂತವೈದ್ಯರ ಕಾಯ್ದೆ ಹೈಜಿನಿಸ್ಟರಿಗೂ ಜಾಗ ಕೊಟ್ಟಿತು. ಆ ಕಾಯ್ದೆಯ ಪ್ರಕಾರ ಹಲ್ಲು ಶುಚಿ ಮಾಡೋದು ಮಾತ್ರವಲ್ಲ, ಹಲ್ಲಿನ ಶುಚಿತ್ವದ ತಿಳಿವಳಿಕೆ ಕೊಡೋದೂ ಅವರದೇ ಕೆಲಸವಾಗಿತ್ತು.

ಎರಡನೆಯದು ಕಲೆಯ ಕಥೆ. 1901ರಲ್ಲಿ ಫ್ರೆಡೆರಿಕ್ ಮೆಕೇ ಅನ್ನೋ ಯುವ ದಂತವೈದ್ಯ ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದಾಗ, ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರ ಹಲ್ಲು ಕಂದು. ಕಾರಣ ಸಿಗೋಕೆ ಮೂವತ್ತು ವರ್ಷ ಹಿಡೀತು. 1931ರಲ್ಲಿ ರಸಾಯನಶಾಸ್ತ್ರಜ್ಞ ಚರ್ಚಿಲ್, ಇದು ನೀರಿನಲ್ಲಿರೋ ಫ್ಲೋರೈಡ್ ಅಂತ ಪತ್ತೆ ಹಚ್ಚಿದ. 1937ರಲ್ಲಿ ನಮ್ಮ ಪಕ್ಕದ ಆಂಧ್ರದ ನೆಲ್ಲೂರು ಸೀಮೆಯಿಂದಲೂ ಫ್ಲೋರೋಸಿಸ್ ವರದಿಯಾಯ್ತು. ಅಂದ್ರೆ ಮೇಷ್ಟ್ರು ನನ್ನನ್ನು ಕೇಳೋ ಹೊತ್ತಿಗೆ ಉತ್ತರ ಸಿಕ್ಕಿ ಅರ್ಧ ಶತಮಾನ ದಾಟಿತ್ತು. ಪುಸ್ತಕದಲ್ಲಿದ್ದ ಉತ್ತರ ನಮ್ಮ ತರಗತಿಗೆ ಬಂದಿರಲಿಲ್ಲ, ಅಷ್ಟೇ.

ನಮ್ಮದು ಗ್ರಾನೈಟ್ ಸೀಮೆ. ಕೆರೆ ಬತ್ತಿ, ಬೋರ್‌ವೆಲ್ ಆಳಕ್ಕಿಳಿದಂತೆ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಸೇರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಲಾಯಕ್ಕಲ್ಲ. ಕಾಯಿಸಿದರೂ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಮೊದಲ ಏಳೆಂಟು ವರ್ಷ, ಒಸಡಿನೊಳಗೆ ಹಲ್ಲು ಕಟ್ಟೋ ಕಾಲದಲ್ಲಿ ಕುಡಿದ ನೀರೇ ಮುಂದಿನ ನಗುವನ್ನು ತೀರ್ಮಾನಿಸಿಬಿಡುತ್ತೆ. ಹೆಚ್ಚು ವರ್ಷ ಕುಡಿದರೆ ಮೂಳೆಗೂ ಇಳಿಯುತ್ತೆ. ಬೆನ್ನು ಬಾಗಿದ ಅಜ್ಜಂದಿರನ್ನು ಕಂಡಾಗ "ವಯಸ್ಸಾಯ್ತು" ಅಂತಿದ್ದೆವು. ವಯಸ್ಸೊಂದೇ ಕಾರಣವಾ ಅಂತ ಯಾರೂ ಕೇಳಲಿಲ್ಲ.

"ಕೆಲಸ ಎಲ್ಲಿ ಹುಡುಕ್ತೀಯ?" ಅಂದೆ. ಬೆಂಗಳೂರಿನ ಯಾವುದೋ ಮಾಲ್ ಪಕ್ಕದ ಕ್ಲಿನಿಕ್ ಹೆಸರು ಹೇಳ್ತಾಳೆ ಅಂದುಕೊಂಡಿದ್ದೆ. ಮೊದಲು ದಂತವೈದ್ಯರೊಬ್ಬರ ಕೈಕೆಳಗೆ ಪಳಗಬೇಕು ಅಂದಳು. ಆಮೇಲೆ ಅವರ ಜೊತೆಗೇ ನಮ್ಮ ಕಡೆಯ ಶಾಲೆಗಳಿಗೆ ಹೋಗಬೇಕಂತೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದರೆ ಒಂದು ಶೈಕ್ಷಣಿಕ ಜಿಲ್ಲೆ. ಶಿಬಿರದಲ್ಲಿ ಕೇಳೋ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಮೊದಲನೆಯದು ಬ್ರಷ್ ಬಗ್ಗೆ ಅಲ್ಲ: "ನಿಮ್ಮನೇಲಿ ಕುಡಿಯೋ ನೀರು ಎಲ್ಲಿಂದ ತರ್ತೀರಾ?"

ಆ ಪುಟದ ಫೋಟೋ ತೆಗೆದುಕೊಂಡೆ. ಸಂಜೆ ಅಮ್ಮನಿಗೆ ಫೋನ್ ಮಾಡಿ ನಾನೂ ಅದನ್ನೇ ಕೇಳಿದೆ.