ಪಿಟ್ಯುಟರಿ ಗ್ರಂಥಿ: ರಚನೆ ಮತ್ತು ಕಾರ್ಯ

ಮೆದುಳಿನ ತಳದಲ್ಲಿ, ಮೂಗಿನ ಹಿಂಬದಿಯ ಮೂಳೆಯ ಗುಳಿಯಲ್ಲಿರುವ ಪಿಟ್ಯುಟರಿ ಗ್ರಂಥಿಯು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಇದರ ಮುಂಭಾಗವು ಬೆಳವಣಿಗೆಯ ಹಾರ್ಮೋನ್, ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾಗೂ ಥೈರಾಯ್ಡ್, ಅಡ್ರಿನಲ್, ಜನನ ಗ್ರಂಥಿಗಳನ್ನು ಪ್ರಚೋದಿಸುವ ಹಾರ್ಮೋನುಗಳನ್ನು ಸ್ರವಿಸುತ್ತದೆ. ಹಿಂಭಾಗವು ಹೈಪೊಥಲಾಮಸ್‌ನಲ್ಲಿ ತಯಾರಾದ ಆಕ್ಸಿಟೋಸಿನ್, ವ್ಯಾಸೊಪ್ರೆಸಿನ್‌ಗಳನ್ನು ಸಂಗ್ರಹಿಸಿ ರಕ್ತಕ್ಕೆ ಬಿಡುತ್ತದೆಯಷ್ಟೆ. ‘ಗ್ರಂಥಿಗಳ ಒಡೆಯ’ ಎಂಬ ಬಿರುದು ಹೊತ್ತಿದ್ದರೂ ಇದು ಹೈಪೊಥಲಾಮಸ್ಸಿನ ಆಣತಿಯಂತೆ ನಡೆಯುತ್ತದೆ.

ದೃಷ್ಟಿನರಗಳು ಪರಸ್ಪರ ಹಾಯುವ ಸ್ಥಳ ಇದರ ಮೇಲೆಯೇ ಇದೆ. ಗ್ರಂಥಿಯಲ್ಲಿ ಬೆಳೆದ ಗಡ್ಡೆ ಅದನ್ನು ಒತ್ತಿದರೆ ಎರಡೂ ಕಣ್ಣುಗಳ ಹೊರಬದಿಯ ನೋಟ ಕುಂದುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪ್ಯೂಟರ್ ಉದ್ಯೋಗಿಗಳು ಇದನ್ನು ಪರದೆಯ ಆಯಾಸವೆಂದು ತಿಳಿದು ತಡಮಾಡುವ ಅಪಾಯವಿದೆ. ಇಂತಹ ಗಡ್ಡೆಗಳಲ್ಲಿ ಬಹುತೇಕ ಕ್ಯಾನ್ಸರ್ ಅಲ್ಲ. ಪ್ರೊಲ್ಯಾಕ್ಟಿನ್ ಸ್ರವಿಸುವವು ಸಾಮಾನ್ಯವಾಗಿ ಮಾತ್ರೆಗೇ ಕುಗ್ಗುತ್ತವೆ. ಶಸ್ತ್ರಚಿಕಿತ್ಸೆ ಬೇಕಾದಾಗ ಹೆಚ್ಚಾಗಿ ಮೂಗಿನ ಮೂಲಕವೇ ತೆಗೆಯುತ್ತಾರೆ. ವೈಟ್‌ಫೀಲ್ಡ್‌ನಲ್ಲಿ 2001ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸೆ ಉಚಿತ.