ತಕ್ಕಡಿಗೆ ಬಾರದ ಕವರು ರಸ್ತೆಗೆ ಬಂದ ಕಥೆ

ಹೊಸೂರು ಕಡೆಯ ಕನ್ನಡ ಶಾಲೆಯವರಾದ ನಮಗೆ ಬೆಂಗಳೂರು ಸುಮಾರು 40 ಕಿ.ಮೀ., ಮಧುರೈ ಸುಮಾರು 400 ಕಿ.ಮೀ. ಒಂದು ನಮ್ಮ ಭಾಷೆಯ ದೊಡ್ಡ ಊರು, ಇನ್ನೊಂದು ನಮ್ಮ ರಾಜ್ಯದ ದೊಡ್ಡ ಊರು. ಪ್ಲಾಸ್ಟಿಕ್ ಕಸವನ್ನು ಡಾಂಬರು ರಸ್ತೆಗೆ ಬಳಸುವ ವಿದ್ಯೆ ನಮ್ಮ ದೇಶದಲ್ಲಿ ಬೆಳೆದದ್ದು ಈ ಎರಡು ಊರುಗಳಲ್ಲೇ, ಅದೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಒಂದು ಕಡೆ ಚೀಲ ಮಾಡುತ್ತಿದ್ದ ಸಣ್ಣ ಕಂಪನಿ, ಇನ್ನೊಂದು ಕಡೆ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಮೇಷ್ಟ್ರ ಹೆಸರು ಈಗ ಬಹಳ ಜನಕ್ಕೆ ಗೊತ್ತು, ಕಂಪನಿಯದು ಅಷ್ಟಾಗಿ ಗೊತ್ತಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಗುಜರಿ ಅಂಗಡಿಯ ಲೆಕ್ಕ ತಿಳಿದಿರಬೇಕು. ಒಡೆದ ಬಕೆಟ್, ಬಿಂದಿಗೆ, ನೀರಿನ ಬಾಟಲಿ ಇವಕ್ಕೆಲ್ಲ ಅಲ್ಲಿ ರೇಟು ಉಂಟು. ತೆಳುವಾದ ಕ್ಯಾರಿ ಬ್ಯಾಗಿಗೆ ಕೇಳುವವರಿಲ್ಲ. ಒಂದು ಕಿಲೋ ಆಗಬೇಕಾದರೆ ನೂರಾರು ಕವರು ಹೆಕ್ಕಬೇಕು. ಅದರಲ್ಲೂ ಮಣ್ಣು, ಸಾರು, ಎಣ್ಣೆ ಮೆತ್ತಿರುತ್ತದೆ. ತೊಳೆದು ಒಣಗಿಸುವ ಖರ್ಚು ಮಾಲಿನ ಬೆಲೆಯನ್ನೇ ನುಂಗಿಬಿಡುತ್ತದೆ. ಚಿಂದಿ ಆಯುವವರು ಅದನ್ನು ಮುಟ್ಟದೆ ಮುಂದೆ ಹೋಗುತ್ತಿದ್ದುದಕ್ಕೆ ಇದೇ ಕಾರಣ, ಸೋಮಾರಿತನವಲ್ಲ! ಬಿಟ್ಟುಹೋದ ಕವರು ಚರಂಡಿ ಕಟ್ಟಿಸಿತು, ದನದ ಹೊಟ್ಟೆ ಸೇರಿತು.

1999ರಲ್ಲಿ ಕೇಂದ್ರ ಸರ್ಕಾರ 20 ಮೈಕ್ರಾನ್‌ಗಿಂತ ತೆಳುವಾದ ಚೀಲ ಕೂಡದೆಂದು ನಿಯಮ ಮಾಡಿತು. ಪ್ಲಾಸ್ಟಿಕ್ ಪೂರ್ತಿ ನಿಲ್ಲಿಸಬೇಕೆಂಬ ಕೂಗೂ ಎದ್ದಿತ್ತು. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲದ ಉದ್ಯಮ ನಡೆಸುತ್ತಿದ್ದ ಅಹ್ಮದ್ ಖಾನ್ ಮತ್ತು ಅವರ ತಮ್ಮ ರಸೂಲ್ ಖಾನ್ ಅವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯಾಯಿತು. ಪುಡಿ ಮಾಡಿದ ಪ್ಲಾಸ್ಟಿಕ್ಕನ್ನು ಡಾಂಬರಿಗೆ ಬೆರೆಸಿ ರಸ್ತೆಗುಂಡಿ ತುಂಬಿ ನೋಡಿದರು. ನಿಂತಿತು. ಆದರೆ ಗುಂಡಿ ನಿಂತಿತೆಂದು ಸರ್ಕಾರ ರಸ್ತೆ ಕೊಡುತ್ತದೆಯೇ? ಪರೀಕ್ಷೆಯ ವರದಿ ಬೇಕು. ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ನೆರವು ಸಿಕ್ಕಿತು. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಜಸ್ಟೋ ಮತ್ತು ವೀರರಾಘವನ್ ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟರು. ಡಾಂಬರಿನ ತೂಕದ ಶೇ. 8ರಷ್ಟು ಪ್ಲಾಸ್ಟಿಕ್ ಸೇರಿದರೆ ಮಿಶ್ರಣ ಹೆಚ್ಚು ಗಟ್ಟಿಯಾಗುತ್ತದೆಂಬುದು ಅದರ ಸಾರ. ಆ ಹೊತ್ತಿಗೆ ನಗರದ ರಸ್ತೆಗಳಲ್ಲಿ ಕೆಲಸವೂ ಶುರುವಾಯಿತು. ಕಂಪನಿ ಕೆ.ಕೆ. ಪ್ಲಾಸ್ಟಿಕ್ ವೇಸ್ಟ್ ಮ್ಯಾನೇಜ್‌ಮೆಂಟ್ ಎಂಬ ಹೆಸರಿನಲ್ಲಿ ನಡೆಯಿತು. ಸ್ಟಾರ್ಟ್‌ಅಪ್ ಎಂಬ ಮಾತು ಆಗ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಇದ್ದಿದ್ದರೆ ಇದನ್ನೂ ಹಾಗೆಯೇ ಕರೆಯುತ್ತಿದ್ದರೇನೋ.

ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಯಾರೂ ಕೊಳ್ಳದ ಆ ಕವರನ್ನು ಕಂಪನಿ ದುಡ್ಡು ಕೊಟ್ಟು ಕೊಂಡಿತು. ಕಿಲೋಗೆ 6 ರೂಪಾಯಿ ಎಂದು ಅಂದಿನ ಪತ್ರಿಕೆಗಳಲ್ಲಿ ಬಂದಿತ್ತು. ತೊಳೆಯುವ ಗೋಜು ಬೇಡ, ಬಣ್ಣ ಬೇರೆ ಮಾಡುವ ಕೆಲಸ ಬೇಡ. ತಕ್ಕಡಿಗೆ ಬಾರದ್ದು ತಕ್ಕಡಿಗೆ ಬಂತು.

ಮಧುರೈನ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊ. ರಾಜಗೋಪಾಲನ್ ವಾಸುದೇವನ್ ಹಿಡಿದ ದಾರಿ ಸ್ವಲ್ಪ ಬೇರೆ. ಅವರು ಡಾಂಬರಿಗೆ ಬೆರೆಸಲಿಲ್ಲ. ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಜಲ್ಲಿಯ ಮೇಲೆ ಕತ್ತರಿಸಿದ ಪ್ಲಾಸ್ಟಿಕ್ ಚೂರು ಉದುರಿಸಿದರು. ಚೂರು ಕರಗಿ, ದೋಸೆ ಹಂಚಿಗೆ ಎಣ್ಣೆ ಸವರಿದ ಹಾಗೆ, ಕಲ್ಲಿಗೆಲ್ಲ ಹತ್ತಿಕೊಂಡಿತು. ಆಮೇಲೆ ಡಾಂಬರು. ಕಲ್ಲಿನ ಸಣ್ಣ ರಂಧ್ರಗಳು ಮುಚ್ಚಿಹೋಗುವುದರಿಂದ ನೀರು ಇಳಿಯುವುದು ಕಡಿಮೆ, ಡಾಂಬರು ಬಿಟ್ಟುಕೊಳ್ಳುವುದೂ ಕಡಿಮೆ. ಪಿ.ವಿ.ಸಿ. ಮಾತ್ರ ಸೇರಿಸುವ ಹಾಗಿಲ್ಲ, ಬಿಸಿಗೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಬರುತ್ತದೆ. 2002ರಲ್ಲಿ ಕಾಲೇಜಿನ ಆವರಣದಲ್ಲೇ ಮೊದಲ ಪ್ರಯೋಗ ನಡೆಯಿತು. ಅದೇ ವರ್ಷ ಚೆನ್ನೈನ ಜಂಬುಲಿಂಗಂ ಬೀದಿಗೂ ಇಂಥ ರಸ್ತೆ ಬಂತು. 2006ರಲ್ಲಿ ಕಾಲೇಜಿಗೆ ಪೇಟೆಂಟ್ ಸಿಕ್ಕಿತು, 2018ರಲ್ಲಿ ಪ್ರೊಫೆಸರರಿಗೆ ಪದ್ಮಶ್ರೀ.

ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಲೆಕ್ಕ ಕೊಡಬಹುದು. ವಾಸುದೇವನ್ ಅವರ ಅಂದಾಜಿನಂತೆ 3.75 ಮೀ. ಅಗಲದ ಒಂದು ಕಿ.ಮೀ. ರಸ್ತೆಗೆ 10 ಟನ್ ಡಾಂಬರಿನ ಬದಲು 9 ಟನ್ ಡಾಂಬರು, 1 ಟನ್ ಪ್ಲಾಸ್ಟಿಕ್ ಸಾಕು. ಕವರು ಒಂದಕ್ಕೆ ಒಂದು ಗ್ರಾಂ ಆದರೆ ಒಟ್ಟು ಎಷ್ಟು ಕವರು? ಹತ್ತು ಲಕ್ಷ!

ಸರ್ಕಾರಿ ಕಾಗದ ನಿಧಾನವಾಗಿ ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. 2015ರ ನವೆಂಬರ್‌ನಲ್ಲಿ ಕೇಂದ್ರವು 5 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳ ಸುತ್ತ 50 ಕಿ.ಮೀ. ಒಳಗೆ ಡಾಂಬರು ರಸ್ತೆಗೆ ಪ್ಲಾಸ್ಟಿಕ್ ಬಳಸಬೇಕೆಂದು ಹೇಳಿತು. ಬೆಂಗಳೂರಿನಿಂದ ಅಳೆದರೆ ನಮ್ಮ ಹೊಸೂರೂ ಆ ಸುತ್ತಿನೊಳಗೇ ಬರುತ್ತದೆ.

ಇದನ್ನು ಮರುಬಳಕೆ ಅನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ರಸ್ತೆಗೆ ಹೋದ ಕವರು ಮತ್ತೆ ಕವರಾಗಿ ಬರುವುದಿಲ್ಲ. ರಸ್ತೆ ಸವೆದಾಗ ಸಣ್ಣ ಪ್ಲಾಸ್ಟಿಕ್ ಕಣಗಳು ಮಣ್ಣಿಗೆ ಸೇರುತ್ತವೆಯೇ ಎಂಬ ಅನುಮಾನವೂ ಇದೆ. ಪ್ಲಾಸ್ಟಿಕ್ಕಿನಿಂದ ಅದೇ ಪ್ಲಾಸ್ಟಿಕ್ಕನ್ನು ಮತ್ತೆ ಪಡೆಯಲು ಹೊರಟ ಕಂಪನಿಗಳು ಬೇರೆ ಇವೆ. ಫ್ರಾನ್ಸಿನಲ್ಲಿ 2011ರಲ್ಲಿ ಶುರುವಾದ ಕಾರ್ಬಿಯೋಸ್ ಅಂಥದ್ದು. ಎಲೆಗೊಬ್ಬರದಲ್ಲಿ ಸಿಕ್ಕಿದ ಒಂದು ಕಿಣ್ವವನ್ನು ಸುಧಾರಿಸಿ, ಬಾಟಲಿಯ ಪ್ಲಾಸ್ಟಿಕ್ಕಿನ ಶೇ. 90ರಷ್ಟನ್ನು 10 ಗಂಟೆಯಲ್ಲಿ ಮೂಲ ಅಣುಗಳಾಗಿ ಬಿಡಿಸಬಹುದೆಂದು ಅಲ್ಲಿನ ವಿಜ್ಞಾನಿಗಳು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು. ಅದ್ಭುತವೇ ಸರಿ. ಆದರೆ 2024ರ ಏಪ್ರಿಲ್‌ನಲ್ಲಿ ದೊಡ್ಡ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದ ಅದೇ ಕಂಪನಿ, ಪೂರ್ತಿ ಬಂಡವಾಳ ಹೊಂದದೆ ವರ್ಷದ ಕೊನೆಗೆ ಕಟ್ಟುವ ಕೆಲಸವನ್ನು ಮುಂದೂಡಬೇಕಾಯಿತು. ಹೊಸ ಪ್ಲಾಸ್ಟಿಕ್ ಅಗ್ಗಕ್ಕೆ ಸಿಗುವಾಗ ದುಬಾರಿಯ ಹಳೆಯದನ್ನು ಕೊಳ್ಳುವವರು ಯಾರು? ಖಾನ್ ಸೋದರರ ವಿದ್ಯೆ ಅಷ್ಟು ದೊಡ್ಡದಲ್ಲದಿರಬಹುದು, ಆದರೆ ಅವರು ಕವರು ಹೆಕ್ಕಿ ತಂದವರ ಕೈಗೆ ಅಂದೇ ಕಾಸು ಕೊಟ್ಟರು.